ಬೆಂಚಿನ ಮುಂದೆ ನಿಂತ ಮಿದುಳುಗಳು

ನನ್ನ ಸೋದರಮಾವನ ಮೊಪೆಡ್ಡಿನ ಕೀಲಿಕೈ ಅತ್ತೆಯ ಸೆರಗಿನ ಗಂಟು ಸೇರಿದ ವರ್ಷವೇ ನಾನು ಕೊಪ್ಪಳದಲ್ಲಿ ಮಿದುಳಿನ ಸಂಶೋಧನೆಯ ಕೆಲಸಕ್ಕೆ ಸೇರಿದೆ. ಎರಡಕ್ಕೂ ಸಂಬಂಧವಿರಲಿಲ್ಲ. ಸಂಬಂಧ ಕಲ್ಪಿಸಿದವನು ಮಾವ. ಅದು ಅವನ ಹುಟ್ಟುಗುಣ. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಲೇ ಎಷ್ಟೋ ಲಗ್ನ ಕುದುರಿಸಿದ ಮನುಷ್ಯ.

ಮಾವ ಬಸ್ ಕಂಡಕ್ಟರ್ ಆಗಿದ್ದ. ಯಲಬುರ್ಗಾದಿಂದ ಕುಷ್ಟಗಿ, ಕುಷ್ಟಗಿಯಿಂದ ಗಂಗಾವತಿ, ಮತ್ತೆ ಹಿಂದಕ್ಕೆ. ಜೀವಮಾನವೆಲ್ಲ ನಿಂತೇ ಪ್ರಯಾಣ ಮಾಡಿದವನಿಗೆ ನಿವೃತ್ತಿಯಾದ ಮೇಲೆ ಒಮ್ಮೆಯಾದರೂ ಕೂತು ಪ್ರಯಾಣ ಮಾಡಬೇಕು ಅನ್ನಿಸಿತು. ಮೊಪೆಡ್ ಕೊಂಡ. ಅದರ ಮೇಲೆ ಕೂತು ಯಲಬುರ್ಗಾ ಸುತ್ತತೊಡಗಿದ. ಸುತ್ತುವುದು ಅಂದರೆ ಹತ್ತು ಮಾರು ಹೋಗಿ ನಿಲ್ಲುವುದು, ಯಾರನ್ನಾದರೂ ಮಾತಾಡಿಸುವುದು, ಮತ್ತೆ ಹತ್ತು ಮಾರು ಹೋಗುವುದು. ಹೊರಡುವಾಗ ತನಗೆ ತಾನೇ "ರೈಟ್" ಅನ್ನುವನು, ನಿಲ್ಲುವಾಗ "ಹೋಲ್ಡಾನ್" ಅನ್ನುವನು. ಅವನ ಜೊತೆಗೇ ಮನೆಯಿಂದ ನಡೆದು ಹೊರಟವರು ಸಂತೆ ಮುಟ್ಟಿ, ಬದನೆಕಾಯಿ ಆರಿಸಿ, ವಾಪಸ್ ಬರುವಾಗ ಅವನನ್ನು ಅರ್ಧ ದಾರಿಯಲ್ಲಿ ಭೇಟಿಯಾಗುತ್ತಿದ್ದರು. ಆಗ ಅವರನ್ನೂ ನಿಲ್ಲಿಸಿ ಮಾತಾಡಿಸುತ್ತಿದ್ದ.

ಒಂದು ದಿನ ಬೆಳಿಗ್ಗೆ ಹಾಲು ತರಲು ಹೋದವನು ಓಣಿಯಲ್ಲಿ ನಡೆದು ಬಂದ. ಕಟ್ಟೆಯ ಮೇಲೆ ಕೂತವರು "ಏನ್ರಿ ಕಂಡಕ್ಟ್ರ, ಆರಾಮ?" ಅಂದರು. ತಿರುಗಿ ನೋಡಲಿಲ್ಲ. ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ಅತ್ತೆ "ಹಾಲೆಲ್ಲಿ?" ಅಂದಳು. ಆಕೆಯನ್ನೂ ದಾಟಿ, ಅಡುಗೆಮನೆ ದಾಟಿ, ಹಿತ್ತಿಲ ಗೋಡೆಗೆ ಮುಖ ಮಾಡಿ ನಿಂತ. ಬಾಯಿ ಸೊಟ್ಟಗಾಗಿರಲಿಲ್ಲ, ಕೈ ಬಿದ್ದಿರಲಿಲ್ಲ. ಆದರೂ ಅತ್ತೆ ಮೊರ ಬಿಸಾಕಿ ಚೀರಿದಳು. ಚೀರುವ ಅಗತ್ಯವೇ ಇರಲಿಲ್ಲ, ಅಷ್ಟರಲ್ಲಿ ಅರ್ಧ ಓಣಿ ಹಿಂದೆ ಓಡಿ ಬಂದಿತ್ತು. ಈ ಮನುಷ್ಯ ಯಾರನ್ನೂ ಮಾತಾಡಿಸದೆ ಹೋದ ಅಂದಮೇಲೆ ಜೀವಕ್ಕೇ ಏನೋ ಆಗಿದೆ ಎಂದು ಎಲ್ಲರಿಗೂ ಗೊತ್ತಾಗಿತ್ತು.

ಹಣೆಯ ಹಿಂದೆ, ಮಿದುಳಿನ ಮುಂಭಾಗದಲ್ಲಿ, ಸಣ್ಣ ರಕ್ತನಾಳವೊಂದು ಕಟ್ಟಿಕೊಂಡಿತ್ತು. ಬೇಗ ಕರೆತಂದದ್ದಕ್ಕೆ ಬಚಾವಾದ ಎಂದರು ಡಾಕ್ಟರು. ಕೆಲವು ತಿಂಗಳಲ್ಲಿ ಮಾವನ ಮಾತು ಬಡ್ಡಿ ಸಮೇತ ವಾಪಸ್ ಬಂತು. ಕೈಕಾಲು ಮೊದಲಿಂದಲೂ ನೆಟ್ಟಗೇ ಇದ್ದವು. ಆದರೆ ಗಾಡಿ ಹೊಡೆಯುವುದು ಮಾತ್ರ ಸದ್ಯಕ್ಕೆ ಬೇಡ ಎಂದರು. ಯೋಚನೆ ಮಾಡುವುದು, ಹೊರಡುವುದು, ನಿಲ್ಲುವುದು ಎಲ್ಲವನ್ನೂ ನಡೆಸುವ ಜಾಗವೇ ಅದಂತೆ. ಅದು ಗಟ್ಟಿಯಾಗಿದೆಯೆಂದು ಪರೀಕ್ಷೆಯಲ್ಲಿ ಗೊತ್ತಾಗಬೇಕಂತೆ. ಅತ್ತೆ ಅಂದೇ ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡಳು.

ಮಾವ ದಿನಾ ಬೆಳಿಗ್ಗೆ ಅಂಗಳದಲ್ಲಿ ಮೊಪೆಡ್ ಒರೆಸುತ್ತಿದ್ದ. ಆಮೇಲೆ ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆಯೇ ಹತ್ತಿ ಕೂತು "ರೈಟ್" ಅನ್ನುತ್ತಿದ್ದ. ಗಾಡಿ ಎಲ್ಲಿಗೂ ಹೋಗುತ್ತಿರಲಿಲ್ಲ. ನೋಡಿದವರಿಗೆ ನಗು ಬರುತ್ತಿತ್ತು, ನನಗೂ ಬರುತ್ತಿತ್ತು, ಆದರೆ ಒಳಗೆ ಹೋಗಿ ನಕ್ಕರೆ ಅಳುವೂ ಬರುತ್ತಿತ್ತು.

ಇತ್ತ ನನ್ನ ಕೆಲಸ. ಕೊಪ್ಪಳದಲ್ಲಿ ಹಿಂದೆ ಲಗ್ನದ ಊಟಕ್ಕೆ ಪಂಕ್ತಿ ಕೂರಿಸುತ್ತಿದ್ದ ಒಂದು ಉದ್ದನೆಯ ಪಡಸಾಲೆಯನ್ನು ಬಾಡಿಗೆಗೆ ಹಿಡಿದು ನಮ್ಮ ಕೇಂದ್ರ ಮಾಡಿದ್ದರು. ನಡೆಸುವ ಮೇಡಂ ಮೈಸೂರು ಕಡೆಯವರು. ವಯಸ್ಸಿನಲ್ಲಿ ನನಗಿಂತ ಸಣ್ಣವರು, ಓದಿನಲ್ಲಿ ನನ್ನ ಇಡೀ ಬಳಗಕ್ಕಿಂತ ದೊಡ್ಡವರು. ವಯಸ್ಸಾದವರ ಮಿದುಳಿನ ಮುಂಭಾಗ ವಿಚಾರವನ್ನೂ ನಡಿಗೆಯನ್ನೂ ಹೇಗೆ ಒಟ್ಟಿಗೆ ಸಂಭಾಳಿಸುತ್ತದೆ ಎಂದು ನೋಡುವುದು ಅವರ ಕೆಲಸ. ಜನರನ್ನು ಕರೆತರುವುದು, ಮೇಡಂ ಹೇಳಿದ್ದನ್ನು ನಮ್ಮ ಮಾತಿಗೆ ತಿರುಗಿಸುವುದು, ಚಹಾ ತರಿಸುವುದು ಮತ್ತು ನಗುವುದು ನನ್ನ ಕೆಲಸ. ನಗುವುದು ಯಾಕೆಂದರೆ, ಹಣೆಯ ಹಿಂದೆ ನೋಡುತ್ತೇವೆ ಎಂದು ಹೇಳಿದ ಕೂಡಲೇ ಪ್ರತಿಯೊಬ್ಬರೂ "ಹಂಗಾರ ನಮ್ಮ ಹಣೀಬರಾನೂ ಓದಿ ಹೇಳ್ರಿ" ಅನ್ನುತ್ತಿದ್ದರು. ಪ್ರತಿಯೊಬ್ಬರೂ ಈ ಮಾತು ತಮಗೊಬ್ಬರಿಗೇ ಹೊಳೆದದ್ದು ಎಂಬಂತೆ ನನ್ನ ಮುಖ ನೋಡುತ್ತಿದ್ದರು. ನಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಆ ಕೆಲಸದಲ್ಲಿ ನನಗೆ ಅತಿ ಕಷ್ಟವಾದದ್ದು ಅದೇ.

ಪರೀಕ್ಷೆಗಳು ನೋಡಲು ಮಕ್ಕಳಾಟದ ಹಾಗಿದ್ದವು. ಮುಷ್ಟಿ ಕಟ್ಟಿ ಮೇಜಿನ ಮೇಲೆ ಇಡಬೇಕು, ಆಮೇಲೆ ಅಂಗೈ ಅಂಚು, ಆಮೇಲೆ ಅಂಗೈ. ಇದನ್ನೇ ತಪ್ಪದೆ ಮಾಡುತ್ತ ಹೋಗಬೇಕು. ಇನ್ನೊಂದರಲ್ಲಿ ನಾನು ಮೇಜನ್ನು ಒಮ್ಮೆ ಬಡಿದರೆ ಅವರು ಎರಡು ಸಲ ಬಡಿಯಬೇಕು, ನಾನು ಎರಡು ಸಲ ಬಡಿದರೆ ಅವರು ಸುಮ್ಮನಿರಬೇಕು. ಕೈಯನ್ನು ತಡೆದು ಹಿಡಿಯುವುದೂ ಆ ಮುಂಭಾಗದ್ದೇ ಕೆಲಸವಂತೆ. ನಮ್ಮ ಜನ ತಡೆಯಲಿಲ್ಲ. ಕುಷ್ಟಗಿಯ ಒಬ್ಬ ಹಿರಿಯರಂತೂ ಜಗಳಕ್ಕೇ ಬಂದರು.

"ಅಲ್ಲ ಯವ್ವಾ, ನೀ ಒಂದು ಹೊಡದ್ರ ನಾ ಎರಡು ಕೊಟ್ಟೆ. ಈಗ ನೀ ಎರಡು ಹೊಡದಿ. ತಿರುಗಿ ಏನೂ ಕೊಡಲಾರದ ಸುಮ್ಮನ ಕುಂದ್ರೂದು ಮರ್ಯಾದಿ ಅನಸ್ತೈತೇನು?"

ಪ್ರಾಣಿಗಳ ಹೆಸರು ಹೇಳಿ ಅಂದರೆ ಒಬ್ಬ ಅಜ್ಜಿ "ಮ್ಯಾಲಿನ ಮನಿ ಎಮ್ಮಿ, ಕೆಳಗಿನ ಮನಿ ಎಮ್ಮಿ, ನನ್ನ ತಂಗಿ ಮನಿ ಎಮ್ಮಿ" ಎಂದು ಊರೆಲ್ಲ ತಿರುಗಿ ಬಂದಳು. ಎಲ್ಲ ಎಮ್ಮೆಗೂ ಸೇರಿ ಒಂದೇ ಅಂಕ ಎಂದಾಗ ಆಕೆಗೆ ನನ್ನ ಮೇಲೆ ನಂಬಿಕೆಯೇ ಹೋಯಿತು. ಗಂಗಾವತಿಯ ಒಬ್ಬ ಮುದುಕ ದರ್ಜಿಯ ತಲೆಗೆ ಹಣೆಯ ರಕ್ತದ ಹರಿವು ನೋಡುವ ವೈರಿನ ಟೊಪ್ಪಿಗೆ ಹಾಕಿದೆವು. ಕನ್ನಡಿಯಲ್ಲಿ ನೋಡಿಕೊಂಡು "ಬೇಟಿ, ಇದ್ರಾಗ ಒಂದು ಫೋಟೋ ತಗಿ, ಮನ್ಯಾಗ ತೋರಸ್ತೀನಿ" ಅಂದರು. ತೆಗೆದೆ. ಫೋಟೋದಲ್ಲಿ ಮದುಮಗನ ಹಾಗೆ ಬಂದಿದ್ದರು.

ಕೊನೆಯದು ನಡಿಗೆಯ ಪರೀಕ್ಷೆ. ಕಾಲಿನ ಹರಡಿಗೆ ಕಡ್ಡಿಪೆಟ್ಟಿಗೆಯಷ್ಟು ದೊಡ್ಡ ಯಂತ್ರ ಕಟ್ಟಿ, ಪಡಸಾಲೆಯ ಈ ತುದಿಯ ಹಳದಿ ಪಟ್ಟಿಯಿಂದ ಆ ತುದಿಯ ಗೋಡೆಯವರೆಗೆ ನಡೆಸುತ್ತಿದ್ದೆವು. ನಡೆಯುತ್ತಲೇ ಪ್ರಾಣಿಗಳ ಹೆಸರು ಹೇಳಬೇಕು. ಬಾಯಿ ಕೆಲಸ ಮಾಡುವಾಗ ಕಾಲು ತಡವರಿಸಿದರೆ ಮಿದುಳಿನ ಮುಂಭಾಗಕ್ಕೆ ಹೊರೆಯಾಗುತ್ತಿದೆ ಎಂದು ಅರ್ಥ. ಮೇಡಂ ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಗೆರೆ ನೋಡುತ್ತಿದ್ದರು. ಹೆಜ್ಜೆ ಇಟ್ಟರೆ ಗೆರೆ ಕುಣಿಯುತ್ತಿತ್ತು, ನಿಂತರೆ ಮಲಗುತ್ತಿತ್ತು.

ಗೆರೆಗಳು ಮಲಗತೊಡಗಿದವು. ಕುಷ್ಟಗಿಯವರದು ಮಲಗಿತು, ಯಲಬುರ್ಗಾದವರದು ಮಲಗಿತು, ಗಂಗಾವತಿಯವರದು ಇನ್ನೂ ಹೆಚ್ಚು ಹೊತ್ತು ಮಲಗಿತು. ಎಲ್ಲರೂ ನಡುದಾರಿಯಲ್ಲಿ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ಕಾಲು ಹೂತುಹೋದಂತೆ ನಿಲ್ಲುತ್ತಿದ್ದರು. ಆಮೇಲೆ ಏನೂ ಆಗದವರ ಹಾಗೆ ಮುಂದೆ ಹೋಗುತ್ತಿದ್ದರು.

ಮೇಡಂಗೆ ಊಟ ಸೇರದಾಯಿತು. "ಇಷ್ಟು ಜನ ಒಂದೇ ಥರ ನಿಲ್ತಾರೆ ಅಂದ್ರೆ ಇದು ಹೊಸ ವಿಷಯ. ಯಾರೂ ಬರೆದೇ ಇಲ್ಲ" ಎಂದರು. ತಮ್ಮ ದೊಡ್ಡ ಸಾಹೇಬರಿಗೆ ಫೋನ್ ಮಾಡಿದರು. ಅವರೂ ಹುರುಪಾದರು. ಈ ಕಡೆಯ ನೀರಿನಲ್ಲೇ ಏನಾದರೂ ಇರಬಹುದೇ ಎಂದು ಇಬ್ಬರೂ ಸೇರಿ ವಿಚಾರ ಮಾಡಿದರು. ಮೇಡಂ ಮರುದಿನದಿಂದ ಬಾಟಲಿ ನೀರು ತರಿಸಿದರು.

ನಡುವೆ ಒಬ್ಬರೇ ಒಬ್ಬರು ನಿಲ್ಲದೆ ದಾಟಿದರು, ಸಾಣಾಪುರದ ಕಡೆಯ ಒಬ್ಬ ರೈತರು. ಬಾಣದ ಹಾಗೆ ಹೋಗಿ ಗೋಡೆ ಮುಟ್ಟಿದರು. ಮೇಡಂ ಅವರ ಗೆರೆಯನ್ನು ಬೇರೆಯಾಗಿ ಇಟ್ಟುಕೊಂಡು, ಇವರು ಏನು ತಿನ್ನುತ್ತಾರೆ ವಿಚಾರಿಸಿ ಎಂದರು.

ಇದೇ ಹೊತ್ತಿಗೆ ಮಾವನಿಗೆ ನನ್ನ ಕೆಲಸದ ಸುದ್ದಿ ಪೂರ್ತಿ ತಿಳಿಯಿತು. ಮೇಡಂ ಕೊಡುವ ಕಾಗದವನ್ನು ಡಾಕ್ಟರಿಗೆ ತೋರಿಸಿದರೆ ಕೀಲಿಕೈ ಬಿಡುಗಡೆಯಾಗುತ್ತದೆ ಎಂದು ಲೆಕ್ಕ ಹಾಕಿದ. ನಾನು ಬಾಯಿತಪ್ಪಿ ಮುಷ್ಟಿ-ಅಂಚು-ಅಂಗೈ ಆಟವನ್ನು ಹೇಳಿ, ಮಾಡಿಯೂ ತೋರಿಸಿದ್ದೇ ತಪ್ಪಾಯಿತು. ಅಭ್ಯಾಸಕ್ಕೆ ಕೂತ. ಒಬ್ಬನೇ ಮಾಡುವ ಜೀವವಲ್ಲ. ಕಟ್ಟೆಯ ಮೇಲಿನವರನ್ನೆಲ್ಲ ಕೂಡಿಸಿಕೊಂಡ. ಮುಂದಿನ ವಾರ ನಾನು ಯಲಬುರ್ಗಾಕ್ಕೆ ಹೋದಾಗ ಒಗ್ಗರಣೆ-ಮಿರ್ಚಿ ಅಂಗಡಿಯ ಮುಂದೆ ಸಾಲಾಗಿ ಕೂತ ಗಂಡಸರು ಮಿರ್ಚಿ ಬರುವವರೆಗೆ ಬೆಂಚು ಬಡಿಯುತ್ತಿದ್ದರು: ಮುಷ್ಟಿ, ಅಂಚು, ಅಂಗೈ. ತಪ್ಪಿದವರು ಎಲ್ಲರಿಗೂ ಚಹಾ ಕುಡಿಸಬೇಕಂತೆ. ನಮ್ಮ ಓಣಿಯಷ್ಟು ತಯಾರಾದ ಮಿದುಳುಗಳು ಇನ್ನೆಲ್ಲೂ ಇರಲಿಕ್ಕಿಲ್ಲ.

ಮಾವನನ್ನೂ ಅತ್ತೆಯನ್ನೂ ಕೊಪ್ಪಳಕ್ಕೆ ಕರೆತಂದೆ. ಮುಷ್ಟಿ-ಅಂಚು-ಅಂಗೈಯಲ್ಲಿ ಮಾವನ ವೇಗಕ್ಕೆ ಮೇಜಿನ ಮೇಲಿದ್ದ ನೀರಿನ ಲೋಟ ಕೆಳಗೆ ಬಿತ್ತು. ಎರಡು ಬಡಿದಾಗ ಸುಮ್ಮನಿರುವುದರಲ್ಲೂ ಗೆದ್ದ, ತುಟಿ ಕಚ್ಚಿಕೊಂಡು. ಪ್ರಾಣಿಗಳನ್ನು ಸ್ಟಾಪಿಗೆ ಸ್ಟಾಪು ಹೇಳಿದ ಹಾಗೆ ಹೇಳಿದ. ಉಳಿದದ್ದು ನಡಿಗೆ. ಹಳದಿ ಪಟ್ಟಿಯ ಮೇಲೆ ನಿಂತು "ರೈಟ್" ಎಂದು ಹೊರಟ.

ನಡುದಾರಿಗೆ ಬಂದ. ನಿಂತ. ಗೆರೆ ಮಲಗಿತು, ಮಲಗಿಯೇ ಇತ್ತು. ಮೇಡಂ ಕೋಣೆಯೊಳಗೆ ಕೈ ಹಣೆಗೆ ಹಚ್ಚಿಕೊಂಡರು. ಅಷ್ಟು ಉದ್ದನೆಯ ನಿಲುಗಡೆಯನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲವಂತೆ.

ಕಾಗದ ನೋಡಿದ ಡಾಕ್ಟರು "ಗಾಡಿ ಈಗಲೇ ಬೇಡ" ಎಂದರು. ಅತ್ತೆ ಅಲ್ಲೇ, ಡಾಕ್ಟರ ಎದುರಿಗೇ, ಕೀಲಿಕೈಗೆ ಇನ್ನೊಂದು ಗಂಟು ಬಿಗಿದಳು. ಮಾವ ಮರುದಿನ ಬೆಳಿಗ್ಗೆ ಮೊಪೆಡ್ ಒರೆಸಿದನಂತೆ, ಹತ್ತಿ ಕೂರಲಿಲ್ಲವಂತೆ. ಅತ್ತೆ ಫೋನಿನಲ್ಲಿ "ಒರಸಿ ಅರಿವಿ ಹಾಕಿ ಮುಚ್ಚ್ಯಾರ ನೋಡವಾ" ಎಂದು ಅತ್ತಳು. ಕೀಲಿಕೈ ಕಟ್ಟಿಕೊಂಡವಳೂ ಅವಳೇ, ಅತ್ತವಳೂ ಅವಳೇ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಮೇಡಂ ಮೇಲೆ ಇನ್ನೂ ಹೆಚ್ಚು ಬಂತು.

"ನಿಮ್ಮ ಯಂತ್ರನೇ ಕೆಟ್ಟೈತ್ರಿ ಮೇಡಂ" ಎಂದೆ. ಕುಣಿಯಲಾರದವರು ನೆಲ ಡೊಂಕು ಅಂದಂತೆ ಇದೆ ಎಂದು ನನಗೇ ಅನ್ನಿಸಿತು, ಆದರೂ ಅಂದೆ.

ಮೇಡಂ ಒಳ್ಳೆಯವರು. ಬೈಯಲಿಲ್ಲ. "ಸರಿ, ನೋಡೇ ಬಿಡೋಣ. ನೀವು ಆರೋಗ್ಯವಾಗಿದೀರಲ್ಲ, ನೀವೇ ನಡೀರಿ" ಎಂದು ನನ್ನ ಕಾಲಿಗೇ ಯಂತ್ರ ಕಟ್ಟಿದರು. ನಾನು ಎಮ್ಮೆ, ಆಕಳು, ಕುರಿ ಎನ್ನುತ್ತ ಗಟ್ಟಿಯಾಗಿ ನಡೆದು ಹೋಗಿ ಬಂದೆ. ಕೋಣೆಗೆ ಹೋದರೆ ಮೇಡಂ ನನ್ನನ್ನು ಕನಿಕರದಿಂದ ನೋಡುತ್ತಿದ್ದರು.

"ನೀವೂನಾ?" ಎಂದರು.

ನನ್ನ ಗೆರೆಯೂ ಮಲಗಿತ್ತು, ಅದೇ ಜಾಗದಲ್ಲಿ. ನನಗೆ ನಿಂತದ್ದೇ ನೆನಪಿಲ್ಲ! ಮನೆಯಲ್ಲಿ ಕೂಸಿದೆ, ಗಂಡನಿಗೆ ಅನ್ನ ಬಸಿಯಲೂ ಬರುವುದಿಲ್ಲ, ನನ್ನ ಮಿದುಳಿನ ಮುಂಭಾಗಕ್ಕೆ ಹೀಗಾದರೆ ಗತಿ ಏನು ಎಂದು ಅಲ್ಲೇ ಕುರ್ಚಿ ಎಳೆದು ಕೂತೆ.

"ಯಂತ್ರನೇ ಕೆಟ್ಟಿರಬೇಕು. ನಾನೇ ನಡೀತೀನಿ, ನೀವು ಗೆರೆ ನೋಡಿ" ಎಂದು ಮೇಡಂ ತಮ್ಮ ಕಾಲಿಗೆ ಕಟ್ಟಿಕೊಂಡು ಹೊರಗೆ ಹೋದರು. ನಾನು ಕಂಪ್ಯೂಟರಿನ ಮುಂದೆ ಕೂತೆ. ಗೆರೆ ಚೆನ್ನಾಗಿ ಕುಣಿಯಿತು. ಮೈಸೂರಿನ ನಡಿಗೆ, ಒಂದೇ ಸಮ. ಆಮೇಲೆ ಮಲಗಿತು. ಏಳುತ್ತದೆ ಎಂದು ಕಾದೆ. ಏಳಲಿಲ್ಲ. ಮೇಡಂಗೆ ಏನೋ ಆಯಿತೆಂದು ಬಾಗಿಲು ತೆಗೆದು ಓಡಿದೆ.

ಪಡಸಾಲೆಯ ನಡುವೆ, ಗೋಡೆಗೆ ಹಚ್ಚಿ, ನಮ್ಮದೊಂದು ಬೆಂಚಿತ್ತು. ಪರೀಕ್ಷೆ ಮುಗಿಸಿದವರು, ಜೊತೆಗೆ ಬಂದವರು ಬಸ್ಸಿನ ಹೊತ್ತಾಗುವವರೆಗೆ ಕೂರಲಿ ಎಂದು ನಾನೇ ಹಾಕಿಸಿದ್ದು. ಮೇಡಂ ಆ ಬೆಂಚಿನ ಮೇಲೆ ಇಬ್ಬರು ಅಜ್ಜಿಯರ ನಡುವೆ ಕೂತಿದ್ದರು. ಉಡಿಯಲ್ಲಿ ಹುರಿದ ಶೇಂಗಾ ಇತ್ತು.

"ಲಗ್ನ ಆಗೇತಿಲ್ಲೋ? ಅಯ್ಯ, ಇನ್ನೂ ಆಗಿಲ್ಲಾ? ತಿನ್ನವಾ, ತಿನ್ನು, ಭಾಳ ಸೊರಗೀದಿ" ಎನ್ನುತ್ತಿದ್ದಳು ಒಬ್ಬ ಅಜ್ಜಿ.

ಮೇಡಂ ನನ್ನನ್ನು ನೋಡಿದರು. ತಮ್ಮ ಕಾಲಿನ ಯಂತ್ರವನ್ನು ನೋಡಿದರು. ಎರಡೂ ಕಡೆಯ ಅಜ್ಜಿಯರನ್ನು ನೋಡಿದರು. ನಗಲು ಶುರುಮಾಡಿದವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಶೇಂಗಾ ಚೆಲ್ಲಿತು.

ಎಲ್ಲರೂ ನಿಂತದ್ದು ಆ ಬೆಂಚಿನ ಮುಂದೆ! ಹಿರಿಯರು ಕೂತಿದ್ದಾರೆ, "ಆರಾಮೇನ್ರಿ, ಊಟಾತೇನ್ರಿ, ಯಾವೂರಾತ್ರಿ" ಅನ್ನುತ್ತಾರೆ. ಅನ್ನಿಸಿಕೊಂಡು ಮುಖ ತಿರುಗಿಸಿ ಹೋಗಲು ನಾವೇನು ರೈಲೇ? ಅವರೆಲ್ಲ ನಿಲ್ಲುವುದನ್ನು ನಾನು ದಿನಾ ಕಣ್ಣಾರೆ ನೋಡುತ್ತಿದ್ದೆ. ಅದರಲ್ಲಿ ನೋಡುವಂಥದ್ದು ಏನಿದೆ? ಯಾರಾದರೂ ಉಸಿರಾಡಿದರು ಎಂದು ಮೇಡಂಗೆ ಓಡಿಹೋಗಿ ಹೇಳುತ್ತೇನೆಯೇ? ಗಂಗಾವತಿಯವರು ಕನ್ನಡ, ಉರ್ದು, ತೆಲುಗು ಮೂರರಲ್ಲೂ ಕ್ಷೇಮ ವಿಚಾರಿಸುವುದರಿಂದ ಅವರಿಗೆ ಹೊತ್ತು ಹಿಡಿಯುತ್ತಿತ್ತು. ಮಾವನಿಗಂತೂ ಬೆಂಚಿನ ತುಂಬ ಹಳೆಯ ಪ್ಯಾಸೆಂಜರುಗಳು ಸಿಕ್ಕಿದ್ದರು. ಬಾಣದಂತೆ ಹೋದ ಸಾಣಾಪುರದ ರೈತರ ವಿಷಯವೂ ತಿಳಿಯಿತು: ಅಂದು ಬೆಂಚಿನ ಮೇಲೆ ಕೂತವರೊಬ್ಬರಿಗೂ ಅವರಿಗೂ ಹೊಲದ ಬದುವಿನ ಜಗಳವಂತೆ, ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತಂತೆ. ನಮ್ಮ ಪ್ರಕಾರ ಇಡೀ ಜಿಲ್ಲೆಯಲ್ಲಿ ಆರೋಗ್ಯವಂತ ಮಿದುಳು ಇದ್ದದ್ದು ಅವರೊಬ್ಬರಿಗೇ.

ಮೇಡಂ ಬಾಗಿಲು ಹಾಕಿಕೊಂಡು ದೊಡ್ಡ ಸಾಹೇಬರಿಗೆ ಫೋನ್ ಮಾಡಿದರು. ಹೊರಗೆ ಬಂದಾಗ ಕಿವಿ ಕೆಂಪಗಾಗಿದ್ದವು. ನಾನು ಬೆಂಚು ಎತ್ತಿಸಲೇ ಎಂದೆ.

"ಬೇಡ, ಇರಲಿ" ಎಂದರು. "ಯಾರೇ ಮಾತಾಡಿಸಿದರೂ ನಿಲ್ಲಬಾರದು ಅಂತ ಮೊದಲೇ ಹೇಳೋಣ. ರೂಢಿಯನ್ನ ಬೇಕೆಂದಾಗ ತಡೆಯೋಕೆ ಆಗುತ್ತಾ ಅನ್ನೋದೇ ಮುಂಭಾಗಕ್ಕೆ ಒಳ್ಳೇ ಪರೀಕ್ಷೆ. ನಿಮ್ಮ ಮಾವನವರನ್ನೇ ಮೊದಲು ಕರೀರಿ."

ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಅತ್ತೆಯೂ ಬಂದಳು, ಸೆರಗಿನ ಎರಡು ಗಂಟಿನ ಸಮೇತ. ನಾನು ಹಳದಿ ಪಟ್ಟಿಯ ಹತ್ತಿರ ಮಾವನ ಕಿವಿಯಲ್ಲಿ ಹೇಳಿದೆ: "ಮಾಮಾ, ಯಾರರ ಮಾತಾಡಸ್ಲಿ, ದೇವ್ರs ಬಂದು ಮಾತಾಡಸ್ಲಿ, ನಿಂದ್ರಬ್ಯಾಡ. ಗ್ವಾಡಿ ಮುಟ್ಟೂತನಕ ಹೋಗು."

"ಎಕ್ಸ್‌ಪ್ರೆಸ್ ಬಸ್ ಅನ್ನು" ಎಂದ ಮಾವ. "ನಡುವ ಸ್ಟಾಪಿಲ್ಲ. ತಿಳೀತು."

ಅತ್ತೆ ಅಷ್ಟೊತ್ತಿಗೆ ಮುಖ ತೊಳೆಯಲು ಹಿಂದೆ ಹೋಗಿದ್ದಳು. ಈ ಮಾತು ಆಕೆ ಕೇಳಲಿಲ್ಲ. ಬಂದವಳು ಜೊತೆಗೆ ಬಂದವರು ಕೂರುವ ಜಾಗದಲ್ಲೇ ಕೂತಳು.

"ರೈಟ್" ಎಂದು ಹೊರಟ ಮಾವ. ಎಮ್ಮೆ, ಆನೆ, ಒಂಟೆ, ನಾಯಿ. ಎದೆ ಮುಂದೆ, ಕಣ್ಣು ನೆಟ್ಟಗೆ. ಬೆಂಚಿನವರು "ನಮಸ್ಕಾರ್ರಿ ಕಂಡಕ್ಟ್ರ" ಅಂದರು. ತಿರುಗಲಿಲ್ಲ. ಕತ್ತೆ, ಕುದುರೆ. ಅತ್ತೆ ಬೆಂಚಿನಿಂದ ಕೇಳಿದಳು: "ಏನ್ರಿ, ಗುಳಿಗಿ ತಗೊಂಡ್ರೇನು?" ತಿರುಗಲಿಲ್ಲ. "ಏನ್ರೀ, ನಿಮಗs ಅನ್ನಾಕತ್ತೀನಿ!" ಮೊಲ, ಇಲಿ. ಆಕೆಯನ್ನು ದಾಟಿ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ಕೋಣೆಯೊಳಗಿಂದ ಮೇಡಂ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಅದರ ಮೇಲೆಯೇ ಅತ್ತೆ ಚೀರಿದ್ದು ಕೇಳಿಸಿತು.

ಆಕೆ ಎದ್ದು ನಿಂತಿದ್ದಳು. ಮುಖದಲ್ಲಿ ರಕ್ತ ಇರಲಿಲ್ಲ. ಮಾವ ಗೋಡೆಯಿಂದ ತಿರುಗಿ, ಹಲ್ಲು ಕಿರಿದು, "ಏ, ಪಾಸಾದೆ ನೋಡs!" ಎಂದ.

"ಆವತ್ತೂ ಹಿಂಗs ಹೋಗಿದ್ರಿ" ಎಂದಳು ಅತ್ತೆ. "ನನ್ನ ದಾಟಿ ಹಿಂಗs ಹೋಗಿ ಹಿಂಗs ಗ್ವಾಡಿಗೆ ನಿಂತಿದ್ರಿ. ಇದಕ್ಕ ಪಾಸ್ ಅಂತಾರೇನು?"

ಮಾವನ ನಗು ಅಲ್ಲೇ ಆರಿತು. ನಾನು ಪರೀಕ್ಷೆಯ ನಿಯಮ ಹೇಳಿದೆ, ಮೇಡಂ ಓಡಿಬಂದು ಗೆರೆ ತೋರಿಸಿದರು. ಅಂಥ ಚೆಂದದ ಗೆರೆ ನಮ್ಮ ಕೇಂದ್ರದಲ್ಲಿ ಆವರೆಗೆ ಬಂದಿರಲಿಲ್ಲ. ಡಾಕ್ಟರು ಕೂಡ ನೋಡಿ, ಇನ್ನು ಗಾಡಿ ಹೊಡೆಯಬಹುದು ಎಂದರು. ಅತ್ತೆ ಎಲ್ಲರ ಮಾತಿಗೂ ತಲೆಯಾಡಿಸಿದಳು. ಸೆರಗನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದೇ ಇದ್ದಳು. ನಿಂತದ್ದಕ್ಕೆ ಒಮ್ಮೆ ಫೇಲಾದ ಮನುಷ್ಯ ಈಗ ನಿಲ್ಲದ್ದಕ್ಕೆ ಫೇಲಾಗಿದ್ದ.

ಸಂಜೆ ಮೂವರೂ ಯಲಬುರ್ಗಾದ ಬಸ್ಸು ಹತ್ತಿದೆವು. ಅತ್ತೆ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ಮಾವ ಹಿಂದೆ ಕೂತು ಅವಳ ತುರುಬು ನೋಡುತ್ತಿದ್ದ. ಕಂಡಕ್ಟರ್ ಹುಡುಗ ಬಂದು ಮಾತಾಡಿಸಿದರೂ ಸರಿಯಾಗಿ ಮಾತಾಡಲಿಲ್ಲ.

ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆದೆವು. ಓಣಿಯ ಬಾಯಲ್ಲಿ ಮೊದಲನೆಯ ಮನೆ ಬಂತು. ಮಾವ ನಿಂತ. "ಆರಾಮೇನ್ರಿ?" ಎಂದ. ಎರಡನೆಯ ಮನೆ. ನಿಂತ. ಕಟ್ಟೆಯ ಮೇಲೆ ಕೂತವರೆಲ್ಲರನ್ನೂ ಒಬ್ಬೊಬ್ಬರನ್ನಾಗಿ ಕೇಳಿದ. ಆಮೇಲೆ ಹಿಂತಿರುಗಿ, ಚೀಲ ಹಿಡಿದು ಬರುತ್ತಿದ್ದ ಅತ್ತೆಯ ಎದುರಿಗೆ, ಓಣಿಯ ನಡುವೆ, ಎಲ್ಲರೂ ನೋಡುತ್ತಿರುವಾಗ ನಿಂತ.

"ಗುಳಿಗಿ ತಗೊಂಡೀನಿ" ಎಂದ. "ಮಧ್ಯಾನ್ನ ನೀ ಕೇಳಿದ್ದಿಯಲ್ಲ. ಉಂಡು ತಗೊಂಡೀನಿ."

ಅತ್ತೆ ಚೀಲ ಕೆಳಗಿಟ್ಟು ಸೆರಗಿನ ಗಂಟು ಬಿಚ್ಚತೊಡಗಿದಳು. ಎರಡನೆಯ ಗಂಟು ಬೆರಳಿಗೆ ಬರಲಿಲ್ಲ, ಹಲ್ಲು ಹಚ್ಚಿ ಬಿಚ್ಚಿದಳು.

ಮರುದಿನ ಬೆಳಿಗ್ಗೆ ಮಾವ ಮೊಪೆಡ್ ಹೊರಗೆ ತೆಗೆದ. ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಮಾವ ಆಕೆಯ ಕಡೆ ನೋಡಿ "ರೈಟ್" ಎಂದು ಹೊರಟ. ಗಾಡಿ ಮೂಲೆ ತಿರುಗಿ ಕಾಣದಾಯಿತು. ಅತ್ತೆ ಅಲ್ಲಾಡಲಿಲ್ಲ, ಅತ್ತಲೇ ಕಿವಿಗೊಟ್ಟು ನಿಂತಿದ್ದಳು. ಹತ್ತು ಮಾರು ಆಚೆ, ಯಾರದೋ ಮನೆಯ ಮುಂದೆ, "ಹೋಲ್ಡಾನ್" ಎಂದದ್ದು ಕೇಳಿಸಿತು. ಅತ್ತೆ ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು.